ಜಮೆಗಿಂತ ಖರ್ಚು ಹೆಚ್ಚಿದ್ದ ನೀರಿನ ಖಾತೆ: ಕ್ರಿ.ಶ. 97ರ ರೋಮ್ ನಗರದ ಒಂದು ಪ್ರಕರಣ

ಕ್ರಿ.ಶ. 97ರಲ್ಲಿ ರೋಮ್ ನಗರದ ನೀರು ಸರಬರಾಜಿನ ಹೊಣೆ ಹೊತ್ತ ಹೊಸ ಅಧಿಕಾರಿಯು ಅರಮನೆಯ ದಫ್ತರದಿಂದ ಖಾತೆಗಳನ್ನು ತರಿಸಿ ನೋಡಿದಾಗ, ಒಂಬತ್ತು ಕಾಲುವೆಗಳಿಂದ ಬಂದ ನೀರಿನ ಮೊತ್ತಕ್ಕಿಂತ ಹಂಚಿದ ನೀರಿನ ಮೊತ್ತವೇ ದೊಡ್ಡದಾಗಿತ್ತು. ಬಂದದ್ದಕ್ಕಿಂತ ಹೆಚ್ಚು ಕೊಡಲು ಸಾಧ್ಯವಿಲ್ಲವೆಂಬುದು ಎಂಥವರಿಗೂ ಗೊತ್ತಿರುವ ಮಾತು. ಆದರೂ ಆ ಖಾತೆಯನ್ನು ವರ್ಷಗಟ್ಟಲೆ ಯಾರೂ ಪ್ರಶ್ನಿಸಿರಲಿಲ್ಲ. ಆ ಅಧಿಕಾರಿ ಏನು ಮಾಡಿದ, ಯಾವ ಘಟ್ಟದಲ್ಲಿ ಯಾವ ತೀರ್ಮಾನ ಕೈಗೊಂಡ, ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅಧಿಕಾರಿಯ ಹೆಸರು ಸೆಕ್ಸ್ಟಸ್ ಜೂಲಿಯಸ್ ಫ್ರಾಂಟಿನಸ್. ಬ್ರಿಟನ್ನಿನ ರಾಜ್ಯಪಾಲನಾಗಿದ್ದು, ರೋಮಿನ ಉನ್ನತ ಅಧಿಕಾರವಾದ ಕಾನ್ಸಲ್ ಪದವಿಯನ್ನೂ ಕಂಡಿದ್ದ ಈತನನ್ನು ಚಕ್ರವರ್ತಿ ನೆರ್ವಾ ಈ ಹುದ್ದೆಗೆ ನೇಮಿಸಿದ. ಪ್ರಕರಣದಲ್ಲಿ ತಪ್ಪಿತಸ್ಥರಾಗಿ ಕಾಣಿಸಿಕೊಳ್ಳುವ ನೀರುಗಂಟಿಗಳು, ಮೇಲ್ವಿಚಾರಕರು, ಕಾಲುವೆ ಬದಿಯ ಜಮೀನುದಾರರು, ಅಂಗಡಿಯವರು ಯಾರ ಹೆಸರೂ ನಮಗೆ ಸಿಗುವುದಿಲ್ಲ. ಆ ಹೆಸರುಗಳನ್ನು ಬರೆದಿಡಬಾರದೆಂದು ನಿರ್ಧರಿಸಿದವನು ಫ್ರಾಂಟಿನಸನೇ. ಆ ನಿರ್ಧಾರವೂ ಈ ಅಧ್ಯಯನದ ವಸ್ತುವಾಗಿರುವುದರಿಂದ ಅದನ್ನು ಮುಂದೆ ಪ್ರತ್ಯೇಕವಾಗಿ ನೋಡೋಣ.

ಹಿನ್ನೆಲೆ

ನಗರ ಸ್ಥಾಪನೆಯಾದ ಮೇಲೆ 441 ವರ್ಷಗಳವರೆಗೆ ರೋಮನ್ನರು ಟೈಬರ್ ನದಿ, ಬಾವಿ ಮತ್ತು ಒರತೆಗಳ ನೀರಿನಲ್ಲೇ ತೃಪ್ತರಾಗಿದ್ದರು. ಕ್ರಿ.ಪೂ. 312ರಲ್ಲಿ ಮೊದಲ ಕಾಲುವೆಯಾದ ಆಪಿಯಾ ಬಂತು. ಅದರ ಬಹುಭಾಗ ನೆಲದಡಿಯಲ್ಲೇ ಹರಿಯುತ್ತಿತ್ತು. ಕ್ರಿ.ಪೂ. 272ರಲ್ಲಿ ಹಳೆಯ ಆನಿಯೊ, ಕ್ರಿ.ಪೂ. 144ರಲ್ಲಿ ಮಾರ್ಸಿಯಾ, ಆಮೇಲೆ ಟೆಪುಲಾ, ಜೂಲಿಯಾ, ವರ್ಗೊ, ಆಲ್ಸಿಯೆಟಿನಾ ಕಾಲುವೆಗಳು ಸೇರಿದವು. ಕ್ರಿ.ಶ. 52ರಲ್ಲಿ ಕ್ಲಾಡಿಯಾ ಮತ್ತು ಹೊಸ ಆನಿಯೊ ಪೂರ್ಣಗೊಂಡು ಒಟ್ಟು ಒಂಬತ್ತಾದವು. ಇವುಗಳಲ್ಲಿ ಮಾರ್ಸಿಯಾದ ನೀರು ತಂಪಿಗೂ ತಿಳಿತನಕ್ಕೂ ಹೆಸರಾಗಿತ್ತು. ಅದರ ಉದ್ದ ಇಂದಿನ ಲೆಕ್ಕದಲ್ಲಿ ಸುಮಾರು 91 ಕಿಲೋಮೀಟರ್.

ಆಡಳಿತದ ಕತೆಯನ್ನೂ ಸ್ವಲ್ಪ ತಿಳಿದಿರಬೇಕು. ಕ್ರಿ.ಪೂ. 33ರಿಂದ ಆಗ್ರಿಪ್ಪ ಎಂಬ ಸೇನಾನಿ ಸಾಯುವವರೆಗೂ ಈ ಕೆಲಸವನ್ನು ತನ್ನದೇ ಎಂಬಂತೆ ನೋಡಿಕೊಂಡ. ಕಾಲುವೆ, ತೊಟ್ಟಿಗಳ ನಿರ್ವಹಣೆಗೆ ಸ್ವಂತ ಗುಲಾಮರ ತಂಡವನ್ನೇ ಇಟ್ಟಿದ್ದ. ಕ್ರಿ.ಪೂ. 12ರಲ್ಲಿ ಆತ ತೀರಿಕೊಂಡಾಗ ಆ ತಂಡ ಚಕ್ರವರ್ತಿ ಅಗಸ್ಟಸನಿಗೆ ಬಂತು. ಅವನು ಅದನ್ನು ಸಾರ್ವಜನಿಕ ಸೇವೆಗೆ ಒಪ್ಪಿಸಿದ. ಮರುವರ್ಷ ರೋಮಿನ ಗಣ್ಯರ ಆಡಳಿತ ಸಭೆಯಾದ ಸೆನೆಟ್ ನಿರ್ಣಯಗಳ ಮೂಲಕ ನೀರಿನ ಹುದ್ದೆಗೆ ಕಾನೂನಿನ ರೂಪ ಕೊಟ್ಟಿತು. ಮುಂದೆ ಕ್ಲಾಡಿಯಸ್ 460 ಜನರ ಇನ್ನೊಂದು ತಂಡವನ್ನು ಸೇರಿಸಿದ. ಫ್ರಾಂಟಿನಸನ ಕಾಲಕ್ಕೆ ಹಳೆಯ ತಂಡದಲ್ಲಿ 240 ಜನ, ಅರಮನೆಯ ತಂಡದಲ್ಲಿ 460 ಜನ, ಒಟ್ಟು 700 ಮಂದಿ ಇದ್ದರು. ಗೌರವಸ್ಥರಾದ ಸೆನೆಟರುಗಳು ಹುದ್ದೆಯ ಮೇಲಿದ್ದರೂ ಕೆಲಸ ತಿಳಿದಿದ್ದವರು ಕೆಳಗಿನವರು. ಹೀಗಾಗಿ ಕೈಕೆಳಗಿನವರು ಹೇಳಿದ್ದನ್ನೇ ಮೇಲಿನವರು ನಂಬುವ ಪದ್ಧತಿ ಬೇರೂರಿತ್ತು. ಸಹಾಯಕರ ಮಾತು ಕೇಳಿಕೊಂಡು ಅಧಿಕಾರ ನಡೆಸುವುದಕ್ಕಿಂತ ಅವಮಾನದ ಸಂಗತಿ ಮರ್ಯಾದಸ್ಥನಿಗೆ ಬೇರೊಂದಿಲ್ಲ ಎಂಬ ಅರ್ಥದ ಮಾತನ್ನು ಫ್ರಾಂಟಿನಸ್ ತನ್ನ ವರದಿಯ ಆರಂಭದಲ್ಲೇ ಬರೆಯುತ್ತಾನೆ. ಮೊದಲು ತನ್ನ ತಿಳಿವಳಿಕೆಗಾಗಿ ಬರೆದುಕೊಂಡ ಟಿಪ್ಪಣಿ ಅದು.

ನೀರನ್ನು ಹಂಚುತ್ತಿದ್ದ ಬಗೆಯೂ ಮುಖ್ಯ. ಕಾಲುವೆಯ ನೀರು ನಗರದ 247 ಹಂಚಿಕೆ ತೊಟ್ಟಿಗಳಿಗೆ ಬರುತ್ತಿತ್ತು. ತೊಟ್ಟಿಯ ಗೋಡೆಯಲ್ಲಿ ಕಂಚಿನ ಮೂತಿಯೊಂದನ್ನು ಕೂರಿಸಿ, ಅದಕ್ಕೆ ಸೀಸದ ಕೊಳವೆಯನ್ನು ಜೋಡಿಸಿ ನೀರು ಕೊಡುತ್ತಿದ್ದರು. ಮೂತಿ ಕನಿಷ್ಠ 12 ಬೆರಳು ಉದ್ದವಿರಬೇಕು, ಅದರ ಮೇಲೆ ಸರ್ಕಾರಿ ಮುದ್ರೆ ಇರಬೇಕು. ಕಂಚನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಸೀಸವನ್ನು ಬಗ್ಗಿಸಿ ಹಿಗ್ಗಿಸಬಹುದು, ಕಂಚನ್ನು ಸುಲಭವಾಗಿ ಹಾಗೆ ಮಾಡಲಾಗದು. ಹರಿದ ನೀರನ್ನು ಎಣಿಸುವ ಮೀಟರ್ ಇಲ್ಲದ ಆ ಕಾಲದಲ್ಲಿ ಮೂತಿಯ ಅಗಲವೇ ಬಳಕೆದಾರನ ಹಕ್ಕಿನ ಅಳತೆಯಾಗಿತ್ತು. ಒಂದೂಕಾಲು ಬೆರಳು ವ್ಯಾಸದ ಕೊಳವೆಗೆ ಕ್ವಿನೇರಿಯ ಎಂದು ಹೆಸರು. ಎಲ್ಲ ಲೆಕ್ಕವೂ ಕ್ವಿನೇರಿಯಗಳಲ್ಲೇ ನಡೆಯುತ್ತಿತ್ತು.

ಸಮಸ್ಯೆ

ದಫ್ತರದ ಪ್ರಕಾರ ಒಂಬತ್ತು ಕಾಲುವೆಗಳ ಒಟ್ಟು ಜಮೆ 12,755 ಕ್ವಿನೇರಿಯ, ಹಂಚಿಕೆ 14,018 ಕ್ವಿನೇರಿಯ. ಅಂದರೆ ಇಲ್ಲದ 1,263 ಕ್ವಿನೇರಿಯ ನೀರು ಖರ್ಚಾಗಿತ್ತು. ಆಸ್ತಿಯಲ್ಲಿ ಇರುವುದಕ್ಕಿಂತ ಹೆಚ್ಚು ಖರ್ಚಾಗುವುದು ಹೇಗೆಂಬ ಆಶ್ಚರ್ಯವೇ ತನ್ನನ್ನು ತನಿಖೆಗೆ ಹಚ್ಚಿತೆಂದು ಆತ ಹೇಳುತ್ತಾನೆ.

ಬೀದಿಯಲ್ಲಿ ಕಂಡ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಖಾತೆಯಲ್ಲಿ ನೀರು ಉಕ್ಕಿ ಹರಿಯುತ್ತಿದ್ದರೂ ಸಾಮಾನ್ಯ ಜನ ಕೊಡ ತುಂಬಿಸಿಕೊಳ್ಳುತ್ತಿದ್ದ ಸಾರ್ವಜನಿಕ ತೊಟ್ಟಿಗಳಿಗೆ ಅದು ಸರಿಯಾಗಿ ಮುಟ್ಟುತ್ತಿರಲಿಲ್ಲ. ಅಂಥ ತೊಟ್ಟಿಗಳು 591 ಇದ್ದವು. ಅವಕ್ಕೆಲ್ಲ ಸೇರಿ ಖಾತೆಯಲ್ಲಿ ನಮೂದಾಗಿದ್ದದ್ದು 1,335 ಕ್ವಿನೇರಿಯ. ಒಟ್ಟು ಹಂಚಿಕೆಯ ಹತ್ತನೇ ಒಂದು ಪಾಲೂ ಅದಲ್ಲ, ಮತ್ತು ಅಷ್ಟಾದರೂ ಬರುತ್ತಿತ್ತೆಂಬ ಖಾತರಿ ಇರಲಿಲ್ಲ. ಖಾಸಗಿ ಸಂಪರ್ಕ ಪಡೆಯುವ ಅನುಕೂಲ ಇಲ್ಲದ ಬಡವನಿಗೆ ಆ ತೊಟ್ಟಿ ಬಿಟ್ಟರೆ ಗತಿಯಿರಲಿಲ್ಲ. ಈ ಪ್ರಕರಣವನ್ನು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಈ ಅಂಕಿಯ ಬಳಿ.

ಮೊದಲ ತಿರುವು: ಖಾತೆ ಬಿಟ್ಟು ಕಾಲುವೆಯ ತಲೆಗೆ

1,263ರ ವ್ಯತ್ಯಾಸವನ್ನು ಕಂಡ ಅಧಿಕಾರಿಗೆ ಸುಲಭದ ದಾರಿಯೊಂದಿತ್ತು. ಹಂಚಿಕೆಯ ಅಂಕಿಯಲ್ಲಿ ಅಷ್ಟನ್ನು ಕಡಿತ ಮಾಡಿ, ಹಿಂದಿನವರ ಬರವಣಿಗೆಯ ತಪ್ಪೆಂದು ಷರಾ ಬರೆದು ಕಡತ ಮುಚ್ಚಬಹುದಾಗಿತ್ತು. ಎರಡೂ ಕಡೆ ಸರಿದೂಗಿದ ಖಾತೆ ಯಾರನ್ನೂ ಕಾಡುವುದಿಲ್ಲ. ಫ್ರಾಂಟಿನಸ್ ಆ ದಾರಿ ಹಿಡಿಯಲಿಲ್ಲ. ಎಲ್ಲಕ್ಕಿಂತ ಮೊದಲು ಕಾಲುವೆಗಳ ತಲೆಯಲ್ಲೇ, ಅಂದರೆ ನೀರು ಕಾಲುವೆಗೆ ಇಳಿಯುವ ಜಾಗದಲ್ಲೇ, ಅಳತೆ ಮಾಡಲು ತೊಡಗಿದ. ತಲೆಯಲ್ಲಿ ಅಳೆಯಲಾಗದ ಕಡೆ ಯಾಕೆ ಆಗಲಿಲ್ಲ, ಬದಲಿಗೆ ಎಲ್ಲಿ ಅಳೆದೆ ಎಂಬುದನ್ನೂ ಬರೆದಿಟ್ಟ.

ಫಲಿತಾಂಶ ಯಾರೂ ನಿರೀಕ್ಷಿಸಿದ್ದಂತಿರಲಿಲ್ಲ. ಮಾರ್ಸಿಯಾದ ಜಮೆ ಖಾತೆಯಲ್ಲಿ 2,162 ಎಂದಿತ್ತು. ತಲೆಯಲ್ಲಿ ಅಳೆದಾಗ 4,690 ಸಿಕ್ಕಿತು. ಹಳೆಯ ಆನಿಯೊ ಖಾತೆಯಲ್ಲಿ 1,541, ಅಳತೆಯಲ್ಲಿ 4,398. ವರ್ಗೊ ಖಾತೆಯಲ್ಲಿ 652 ಇದ್ದದ್ದು ಅಳತೆಯಲ್ಲಿ 2,504 ಆಯಿತು. ಒಟ್ಟಾರೆ ಖಾತೆಯಲ್ಲಿ ತೋರಿಸಿದ್ದಕ್ಕಿಂತ ಸುಮಾರು 10,000 ಕ್ವಿನೇರಿಯ ಹೆಚ್ಚು ನೀರು ಕಾಲುವೆಗಳಿಗೆ ಬರುತ್ತಿತ್ತು.

ಇಲ್ಲಿಗೆ ಪ್ರಶ್ನೆ ತಲೆಕೆಳಗಾಯಿತು. ಹಂಚಿಕೆ ಯಾಕೆ ಹೆಚ್ಚು ಎಂದು ಕೇಳುತ್ತಿದ್ದವನು ಈಗ ಹಂಚಿಕೆ ಯಾಕೆ ಇಷ್ಟು ಕಡಿಮೆ ಎಂದು ಕೇಳಬೇಕಾಯಿತು. ಬಂದ ನೀರಿನಲ್ಲಿ ಎಂಟು ಸಾವಿರ ಕ್ವಿನೇರಿಯಕ್ಕೂ ಮಿಕ್ಕಿ, ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು, ಎಲ್ಲಿಗೆ ಹೋಯಿತೆಂಬುದಕ್ಕೆ ಯಾವ ಕಡತದಲ್ಲೂ ಉತ್ತರವಿರಲಿಲ್ಲ. ಜಮೆಯ ಅಂಕಿ ಚಿಕ್ಕದಾಗಿದ್ದುದು ಯಾರ ಉದ್ದೇಶವಾಗಿತ್ತೋ ಇಲ್ಲವೋ, ಅದರ ಪರಿಣಾಮ ಮಾತ್ರ ಸ್ಪಷ್ಟವಾಗಿತ್ತು: ಕಾಗದದಲ್ಲಿ ಬಂದೇ ಇರದ ನೀರನ್ನು ಕದ್ದರೆ ಕಾಗದದಲ್ಲಿ ಕಳವೇ ಕಾಣುವುದಿಲ್ಲ. ಇಂದಿನ ಜಲಮಂಡಳಿಗಳು ಲೆಕ್ಕಕ್ಕೆ ಸಿಗದ ನೀರು ಎಂದು ಕರೆಯುವ ಪ್ರಮಾಣವನ್ನು ಕಂಡುಹಿಡಿಯಲು ಜಮೆಯ ಕಡೆಯ ಅಳತೆ ಮೊದಲು ಗಟ್ಟಿಯಾಗಿರಬೇಕು. ಈ ಪ್ರಕರಣದಲ್ಲಿ ಉಳಿದೆಲ್ಲ ಪತ್ತೆಯೂ ಆ ಒಂದು ಹೆಜ್ಜೆಯ ಮೇಲೆ ನಿಂತಿದೆ.

ಮೂತಿಯ ಬಳಿ ಕಂಡದ್ದು

ಮುಂದಿನ ತನಿಖೆ ಕಾಲುವೆಯ ಉದ್ದಕ್ಕೂ, ಹಂಚಿಕೆ ತೊಟ್ಟಿಗಳ ಬಳಿಯೂ, ಬೀದಿಯ ಕಲ್ಲುಹಾಸಿನ ಕೆಳಗೂ ನಡೆಯಿತು. ನಗರದ ಹೊರಗೆ ಕಾಲುವೆಗೆ ತಾಗಿಕೊಂಡ ಜಮೀನುದಾರರು ಗೋಡೆಗೆ ಕನ್ನ ಕೊರೆದು ತೋಟಕ್ಕೆ ನೀರು ಹಾಯಿಸಿಕೊಳ್ಳುತ್ತಿದ್ದರು. ಅದು ಒರಟು ಕಳವು. ಅದಕ್ಕಿಂತ ಕಲಿಯಲು ಹೆಚ್ಚಿರುವುದು ಇಲಾಖೆಯೊಳಗಿನ ನಯವಾದ ಕಳವಿನಲ್ಲಿ.

ಕೊಳವೆಗಳ 25 ಅಳತೆಗಳಲ್ಲಿ 15 ಬಳಕೆಯಲ್ಲಿದ್ದವು. ನೀರುಗಂಟಿಗಳು ಇಟ್ಟುಕೊಂಡಿದ್ದ ಅಳತೆಗಳು ಬಹುಪಾಲು ಸರಿಯಾಗಿಯೇ ಇದ್ದು ನಾಲ್ಕರಲ್ಲಿ ಮಾತ್ರ ವ್ಯತ್ಯಾಸವಿತ್ತು. ಆ ನಾಲ್ಕರಲ್ಲಿ ಒಂದು ಅಷ್ಟಾಗಿ ಬಳಕೆಯಾಗುತ್ತಿರಲಿಲ್ಲ. ಉಳಿದ ಮೂರನ್ನು ಆತ ಪರಿಶೀಲಿಸಿದ್ದಾನೆ. ಇಪ್ಪತ್ತರ ಕೊಳವೆ (ಇಪ್ಪತ್ತು ಎಂಬುದು ಅಳತೆಯ ಹೆಸರು, ಕ್ವಿನೇರಿಯಗಳ ಸಂಖ್ಯೆಯಲ್ಲ) ಬಳಕೆದಾರರಿಗೆ ನೀರು ಕೊಡುವ ಕೊಳವೆ. ಅದನ್ನು ಕಿರಿದು ಮಾಡಿದ್ದರು. ನೂರರ ಮತ್ತು ನೂರಿಪ್ಪತ್ತರ ಕೊಳವೆಗಳು ತಾವು ನೀರು ಪಡೆಯುವ ಕೊಳವೆಗಳು, ಅವನ್ನು ಹಿಗ್ಗಿಸಿದ್ದರು. ದಫ್ತರದ ಲೆಕ್ಕದಲ್ಲಿ ಇಪ್ಪತ್ತರ ಕೊಳವೆಗೆ 16 ಕ್ವಿನೇರಿಯ. ನೀರುಗಂಟಿಗಳು ಕೊಡುತ್ತಿದ್ದದ್ದು 13. ಹೀಗೆ ನೂರರ ಕೊಳವೆಯೊಂದರಲ್ಲಿ 27, ನೂರಿಪ್ಪತ್ತರದ್ದರಲ್ಲಿ 86 ಕ್ವಿನೇರಿಯ ನಡುದಾರಿಯಲ್ಲೇ ಉಳಿಯುತ್ತಿತ್ತೆಂದು ಆತ ಲೆಕ್ಕ ಹಾಕುತ್ತಾನೆ. ಕೊಳ್ಳುವಾಗ ದೊಡ್ಡ ಸೇರು, ಮಾರುವಾಗ ಚಿಕ್ಕ ಸೇರು ಎಂಬ ಹಳೆಯ ಅಂಗಡಿ ವಿದ್ಯೆಯೇ ಇದು. ತಪ್ಪು ಆಕಸ್ಮಿಕವಾಗಿದ್ದರೆ ಕೆಲವು ಕಡೆ ಹೆಚ್ಚು, ಕೆಲವು ಕಡೆ ಕಡಿಮೆ ಎಂದು ಚೆದುರಿ ಹೋಗುತ್ತಿತ್ತು; ಎಲ್ಲ ವ್ಯತ್ಯಾಸವೂ ಒಂದೇ ಕೈಗೆ ಲಾಭ ತರುವಂತಿದ್ದರೆ ಅಲ್ಲಿ ಉದ್ದೇಶವಿದೆ ಎಂದು ತಿಳಿಯಬೇಕು. ಫ್ರಾಂಟಿನಸ್ ಇದನ್ನು ಗುರುತಿಸಿದ ರೀತಿ ಇಂದಿನ ಲೆಕ್ಕಪರಿಶೋಧಕರಿಗೂ ಪಾಠವಾಗಬಲ್ಲದು.

ಮೂತಿಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ಕಳವಿನ ಬಗೆಗಳು ಬಿಚ್ಚಿಕೊಂಡವು. ಕೆಲವು ಮೂತಿಗಳಿಗೆ ಮುದ್ರೆಯೇ ಇರಲಿಲ್ಲ. ಕೆಲವಕ್ಕೆ ಮುದ್ರೆಯಿದ್ದರೂ ಮಂಜೂರಾದುದಕ್ಕಿಂತ ಅಗಲ ಹೆಚ್ಚಿತ್ತು. ಅಲ್ಲಿ ಮುದ್ರೆ ಒತ್ತಿದ ಮೇಲ್ವಿಚಾರಕನೇ ಪಾಲುದಾರ. ಇನ್ನು ಕೆಲವು ಕಡೆ ಮೂತಿ ನ್ಯಾಯವಾಗಿಯೇ ಇದ್ದು, ಅದರ ಹಿಂದೆಯೇ ಅಗಲವಾದ ಕೊಳವೆ ಜೋಡಿಸಿದ್ದರು. ಕಿರಿದಾದ ದಾರಿಯ ಉದ್ದ ಕಡಿಮೆಯಾದಷ್ಟೂ ನೀರು ಬೇಗ ನುಗ್ಗಿ ಮುಂದಿನ ಅಗಲದ ಕೊಳವೆಯನ್ನು ತುಂಬುತ್ತದೆ. ಒಂದೇ ತೊಟ್ಟಿಯಲ್ಲಿ ಕೆಲವು ಮೂತಿಗಳು ಕೆಳಗೆ, ಕೆಲವು ಮೇಲೆ ಇದ್ದವು. ಕೆಳಗಿನದು ಹೆಚ್ಚು ಎಳೆಯುತ್ತಿತ್ತು, ಮೇಲಿನದಕ್ಕೆ ಕಡಿಮೆ ಬೀಳುತ್ತಿತ್ತು. ನೀರಿನ ಹಕ್ಕು ಒಬ್ಬನಿಂದ ಇನ್ನೊಬ್ಬನಿಗೆ ಹೋದಾಗ ಹೊಸಬನಿಗಾಗಿ ಹೊಸ ತೂತು ಕೊರೆದು, ಹಳೆಯ ತೂತನ್ನು ಮುಚ್ಚದೆ ಬಿಟ್ಟು, ಅದರ ನೀರನ್ನು ನೀರುಗಂಟಿ ಮಾರಿಕೊಳ್ಳುತ್ತಿದ್ದ.

ಎಲ್ಲಕ್ಕಿಂತ ವ್ಯವಸ್ಥಿತವಾದದ್ದು ಬೀದಿಯಡಿಯ ಕೊಳವೆಗಳ ಕಳವು. ಸಾರ್ವಜನಿಕ ಕೊಳವೆ ಹಾದುಹೋಗುವ ದಾರಿಯ ಎರಡೂ ಬದಿಯ ವ್ಯಾಪಾರಿಗಳಿಗೆಲ್ಲ ಗುಟ್ಟಾಗಿ ಕವಲು ಕೊಳವೆ ಎಳೆದಿದ್ದರು. ಹೀಗೆ ತೂತು ಕೊರೆಯುವುದಕ್ಕೆಂದೇ ಇಲಾಖೆಯೊಳಗೆ ಒಬ್ಬನಿದ್ದ. ಆ ಕಸುಬಿನಿಂದಲೇ ಆತನನ್ನು ಕರೆಯುತ್ತಿದ್ದರು. ಎಷ್ಟು ನೀರು ಹೋಗಿರಬಹುದೆಂದು ಅಳೆಯುವ ದಾರಿ ಇಲ್ಲದಿದ್ದಾಗ, ಕಿತ್ತು ತಂದ ಸೀಸದ ರಾಶಿಯನ್ನು ನೋಡಿ ಫ್ರಾಂಟಿನಸ್ ಅಂದಾಜು ಮಾಡಿದ. ಹೊಲ, ಅಂಗಡಿ, ಮಹಡಿಯ ಮೇಲಿನ ಕೋಣೆ, ಸೂಳೆಗೇರಿಯವರೆಗೂ ಅಕ್ರಮ ನೀರು ಹರಿಯುತ್ತಿದ್ದುದು ಬೆಳಕಿಗೆ ಬಂತು.

ಜೊತೆಗೆ ಕಳವಲ್ಲದ ಒಂದು ನಷ್ಟವೂ ಇತ್ತು. ಹೊಸ ಆನಿಯೊ ನದಿಯಿಂದ ಬರುತ್ತಿದ್ದುದರಿಂದ ಮಳೆ ಬಂದಾಗಲೆಲ್ಲ ಅದರ ನೀರು ಬಗ್ಗಡವಾಗುತ್ತಿತ್ತು. ಎಲ್ಲಕ್ಕಿಂತ ಎತ್ತರದಲ್ಲಿ, ಹೇರಳವಾಗಿ ಬರುತ್ತಿದ್ದ ಅದನ್ನು ಬೇರೆ ಕಾಲುವೆಗಳ ಕೊರತೆ ತುಂಬಲು ಬೆರೆಸುತ್ತಿದ್ದರು. ಕೆಲಸ ಅರಿಯದ ನೀರುಗಂಟಿಗಳು ಬೇಕಿಲ್ಲದಾಗಲೂ ಬೆರೆಸಿ, ಅಷ್ಟು ಮೈಲಿ ತನ್ನದೇ ಕಾಲುವೆಯಲ್ಲಿ ಶುದ್ಧವಾಗಿ ಬಂದ ಕ್ಲಾಡಿಯಾದ ನೀರನ್ನೂ ನಗರದ ಬಾಗಿಲಲ್ಲಿ ಕೆಡಿಸುತ್ತಿದ್ದರು. ಕುಡಿಯಲು ಉತ್ತಮವಾದ ಮಾರ್ಸಿಯಾದ ನೀರು ಸ್ನಾನಗೃಹಗಳಿಗೂ ಬಟ್ಟೆ ಒಗೆಯುವವರಿಗೂ, ಹೇಳಲು ಸಂಕೋಚವಾಗುವ ಬಳಕೆಗಳಿಗೂ ಹೋಗುತ್ತಿತ್ತು.

ಕೈಗೊಂಡ ಕ್ರಮಗಳು

ಅಕ್ರಮ ಕೊಳವೆಗಳನ್ನು ಕಿತ್ತುಹಾಕಲಾಯಿತು. ಮೂತಿಗೆ ಮುದ್ರೆ ಒತ್ತುವುದರ ಜೊತೆಗೆ, ಅದರ ಮುಂದೆ ಸೆನೆಟ್ ನಿರ್ಣಯದಲ್ಲಿ ಹೇಳಿದ 50 ಅಡಿಯವರೆಗಿನ ಕೊಳವೆಗೂ ಮುದ್ರೆ ಇರಬೇಕೆಂದು ಫ್ರಾಂಟಿನಸ್ ವಿಧಿಸಿದ. ಈ ನಿಯಮ ನನಗೆ ತುಂಬ ಮೆಚ್ಚುಗೆಯಾದದ್ದು. ಕಳವು ನಡೆದ ರೀತಿಯನ್ನು ಅರಿತ ಮೇಲೆ, ಅದೇ ಬಿರುಕನ್ನು ಮುಚ್ಚಲು ಅಷ್ಟೇ ಅಳತೆಯ ಮದ್ದು. ಕಾಲುವೆಗಳ ನಕ್ಷೆಗಳನ್ನು ಬರೆಸಿ, ಎಲ್ಲಿ ಕಣಿವೆ, ಎಲ್ಲಿ ಕಮಾನು, ಎಲ್ಲಿ ರಿಪೇರಿ ಹೆಚ್ಚು ಎಂಬುದು ಕುಳಿತಲ್ಲೇ ಕಣ್ಣಿಗೆ ಕಟ್ಟುವಂತೆ ಮಾಡಿಕೊಂಡ.

700 ಜನರ ತಂಡದ ಅವಸ್ಥೆಯೂ ಹದಗೆಟ್ಟಿತ್ತು. ಮೇಲ್ವಿಚಾರಕರ ದಾಕ್ಷಿಣ್ಯದಿಂದಲೋ ಅಲಕ್ಷ್ಯದಿಂದಲೋ ಅವರು ಖಾಸಗಿಯವರ ಕೆಲಸಕ್ಕೆ ಹೋಗುತ್ತಿದ್ದರು. ಮರುದಿನ ಯಾರು ಏನು ಮಾಡಬೇಕೆಂದು ಹಿಂದಿನ ದಿನವೇ ಬರೆದುಕೊಡುವುದು, ಆ ದಿನ ಆದ ಕೆಲಸವನ್ನು ದಿನಚರಿಯಲ್ಲಿ ನಮೂದಿಸುವುದು ಎಂಬ ಎರಡು ಕ್ರಮಗಳಿಂದ ಆತ ಅವರನ್ನು ಸಾರ್ವಜನಿಕ ಸೇವೆಗೆ ಮರಳಿ ತಂದ. ಹಣದ ಕಡೆಯಿಂದಲೂ ಒಂದು ಸೋರಿಕೆ ನಿಂತಿತು: ನೀರಿನ ಹಕ್ಕಿಗೆ ಸಂಬಂಧಿಸಿದ ವರ್ಷದ ಸುಮಾರು 2,50,000 ಸೆಸ್ಟರ್ಸ್ (ರೋಮನ್ ನಾಣ್ಯ) ಆದಾಯ ಹಿಂದಿನ ಚಕ್ರವರ್ತಿ ಡೊಮಿಷಿಯನ್ನನ ಸ್ವಂತ ಬೊಕ್ಕಸಕ್ಕೆ ಸೇರುತ್ತಿತ್ತು, ನೆರ್ವಾ ಅದನ್ನು ಸಾರ್ವಜನಿಕರಿಗೆ ಹಿಂದಿರುಗಿಸಿದ.

ನೀರುಗಳನ್ನು ಬೇರ್ಪಡಿಸುವ ತೀರ್ಮಾನ ದೊಡ್ಡದು. ಮಾರ್ಸಿಯಾ ಪೂರ್ತಿಯಾಗಿ ಕುಡಿಯುವುದಕ್ಕೆ. ಉಳಿದವು ಅವುಗಳ ಗುಣಕ್ಕೆ ತಕ್ಕ ಬಳಕೆಗೆ. ತಿಳಿಯಿಲ್ಲದ ಹಳೆಯ ಆನಿಯೊ ತೋಟಗಳಿಗೆ ಮತ್ತು ಕೀಳು ಬಳಕೆಗೆ. ನೆರ್ವಾನ ನಂತರ ಬಂದ ಟ್ರಾಜನ್, ಹೊಸ ಆನಿಯೊದ ನೀರನ್ನು ನದಿಯಿಂದ ನೇರವಾಗಿ ಪಡೆಯುವುದನ್ನು ಬಿಟ್ಟು, ಸುಬಿಯಾಕೊ ಬಳಿ ಚಕ್ರವರ್ತಿ ನೀರೋನ ಬಂಗಲೆಯ ಮೇಲ್ಗಡೆಯ ಸರೋವರದಿಂದ ಪಡೆಯಲು ಆಜ್ಞಾಪಿಸಿದ. ಅಲ್ಲಿ ಮಣ್ಣು ತಳಕ್ಕಿಳಿದು ನೀರು ತಿಳಿಯಾಗಿರುತ್ತಿತ್ತು. ಬಹುಪಾಲು ಬೀದಿ ತೊಟ್ಟಿಗಳಿಗೆ ಎರಡು ಬೇರೆ ಬೇರೆ ಕಾಲುವೆಗಳಿಂದ ನೀರು ಬರುವಂತೆ ಮಾಡಿದ್ದರಿಂದ ಒಂದು ಕೆಟ್ಟರೂ ಇನ್ನೊಂದರಿಂದ ನೀರು ನಿಲ್ಲದಾಯಿತು. ಕಳವಿನಿಂದಲೂ ಸೋಮಾರಿತನದಿಂದಲೂ ಹೋಗುತ್ತಿದ್ದುದೆಲ್ಲ ಕೈಸೇರಿದ್ದು ಹೊಸ ಒರತೆಗಳು ಸಿಕ್ಕಂತಾಯಿತೆಂದು ಫ್ರಾಂಟಿನಸ್ ಬರೆಯುತ್ತಾನೆ. ಒಂದೂ ಹೊಸ ಕಾಲುವೆ ಕಟ್ಟದೆ ಬಂದ ನೀರು ಅದು.

ಹೆಸರುಗಳನ್ನು ಬಿಟ್ಟ ತೀರ್ಮಾನ

ಕಾನೂನು ಕಠಿಣವಾಗಿಯೇ ಇತ್ತು. ಕ್ರಿ.ಪೂ. 9ರ ಶಾಸನವೊಂದರ ಪ್ರಕಾರ, ಉದ್ದೇಶಪೂರ್ವಕವಾಗಿ ಕಾಲುವೆಗೆ ಹಾನಿ ಮಾಡಿದವನಿಗೆ 1,00,000 ಸೆಸ್ಟರ್ಸ್ ದಂಡ. ನಗರದ ಹೊರಗೆ ಕಾಲುವೆಯ ಎರಡೂ ಬದಿಗೆ 15 ಅಡಿ ಜಾಗ ಖಾಲಿ ಬಿಡಬೇಕೆಂಬ ನಿಯಮವನ್ನೂ ಜನ ಮುರಿದು, ಮರ ನೆಟ್ಟು, ಗೋರಿ ಕಟ್ಟಿ, ದಾರಿ ಮಾಡಿಕೊಂಡಿದ್ದರು. ಫ್ರಾಂಟಿನಸನ ಕೈಯಲ್ಲಿ ಅಧಿಕಾರವೂ ಇತ್ತು, ಸಾಕ್ಷ್ಯವೂ ಇತ್ತು.

ಆದರೂ ಆತ ಇನ್ನೊಂದು ದಾರಿ ಹಿಡಿದ. ಇಂಥ ಉಪಯುಕ್ತ ಕಾನೂನನ್ನು ತುಚ್ಛವಾಗಿ ಕಂಡವರು ಕಠೋರ ಶಿಕ್ಷೆಗೆ ಅರ್ಹರೆಂಬುದನ್ನು ಆತ ಅಲ್ಲಗಳೆಯುವುದಿಲ್ಲ. ಆದರೆ ದೀರ್ಘಕಾಲದ ಅಲಕ್ಷ್ಯದಿಂದ ದಾರಿ ತಪ್ಪಿದವರನ್ನು ಮೃದುವಾಗಿ ಸರಿದಾರಿಗೆ ತರಬೇಕಾಗಿತ್ತೆಂದು ವಾದಿಸುತ್ತಾನೆ. ತಪ್ಪು ಮಾಡಿದವರು ಯಾರೆಂಬುದೂ ತಿಳಿಯದಂತೆ ತನ್ನಿಂದಾದಷ್ಟು ಶ್ರಮಿಸಿದೆನೆಂದು ಹೇಳುತ್ತಾನೆ. ಎಚ್ಚರಿಕೆ ಸಿಕ್ಕ ಮೇಲೆ ಕೆಲವರು ಚಕ್ರವರ್ತಿಯ ಬಳಿ ಹೋಗಿ ಅನುಗ್ರಹ ಬೇಡಿ, ಅದನ್ನು ಪಡೆದುಕೊಂಡರು.

ಈ ತೀರ್ಮಾನವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬೀದಿ ತೊಟ್ಟಿಯ ಮುಂದೆ ಖಾಲಿ ಕೊಡ ಹಿಡಿದು ನಿಂತವರ ಪಾಲನ್ನು ವರ್ಷಾನುಗಟ್ಟಲೆ ಮಾರಿಕೊಂಡವರಿಗೂ, ಅಕ್ರಮವೆಂದು ಅರಿಯದೆ ಕಾಲುವೆ ಬದಿಯಲ್ಲಿ ಮರ ನೆಟ್ಟವರಿಗೂ ಒಂದೇ ಬಗೆಯ ದಯೆ ಸಲ್ಲಬಾರದಿತ್ತು. ಆದರೆ ಅದರ ಫಲವನ್ನೂ ನಿರಾಕರಿಸಲಾರೆ. ಶಿಕ್ಷೆಯನ್ನೇ ಮುಂದಿಟ್ಟಿದ್ದರೆ ಕೊಳವೆಗಳನ್ನು ತೋರಿಸಿಕೊಡುವವರು ಯಾರೂ ಇರುತ್ತಿರಲಿಲ್ಲ. ಬೀದಿಯಡಿಯ ತೂತುಗಳೆಲ್ಲಿವೆ ಎಂಬುದು ಅವನ್ನು ಕೊರೆದವರಿಗಲ್ಲದೆ ಬೇರೆಯವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆ 700 ಜನರೇ ಮರುದಿನವೂ ಕೆಲಸ ಮಾಡಬೇಕಿತ್ತು.

ಅಳತೆಯ ಮಿತಿ

ಈ ಪ್ರಕರಣದ ಅಂಕಿಗಳನ್ನು ಬಳಸುವವರು ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಮೊದಲನೆಯದು, ವರದಿ ನಮ್ಮ ಕೈಸೇರಿದ್ದು ಮಾಂಟೆ ಕಸಿನೊ ಮಠದಲ್ಲಿ 1429ರಲ್ಲಿ ದೊರೆತ ಒಂದೇ ಒಂದು ಹಸ್ತಪ್ರತಿಯ ಮೂಲಕ. ರೋಮನ್ ಅಂಕಿಗಳು ನಕಲಾಗುವಾಗ ಅಲ್ಲಲ್ಲಿ ಕೆಟ್ಟಿವೆ. ಎರಡನೆಯದು ಇನ್ನೂ ಮೂಲಭೂತವಾದದ್ದು. ಕ್ವಿನೇರಿಯ ಎಂಬುದು ಅಡ್ಡಕೊಯ್ತದ ಅಳತೆ. ನೀರಿನ ವೇಗ ಅದರಲ್ಲಿ ಸೇರುವುದಿಲ್ಲ. ಒಂದೇ ಅಗಲದ ಎರಡು ಕಾಲುವೆಗಳಲ್ಲಿ ಒಂದು ರಭಸವಾಗಿ, ಇನ್ನೊಂದು ನಿಧಾನವಾಗಿ ಹರಿದರೆ ಬರುವ ನೀರು ಒಂದೇ ಆಗಿರಲಾರದು.

ಫ್ರಾಂಟಿನಸನಿಗೆ ಇದು ತಿಳಿಯದೆ ಇರಲಿಲ್ಲ. ವರ್ಗೊದ ತಲೆಯಲ್ಲಿ ಹರಿವು ತೀರ ನಿಧಾನವಾಗಿದ್ದುದರಿಂದ ಅಲ್ಲಿ ಅಳೆಯದೆ, ನಗರದ ಕಡೆಗೆ ಏಳನೇ ಮೈಲಿಗಲ್ಲಿನ ಬಳಿ ಹರಿವು ಚುರುಕಾದ ಕಡೆ ಅಳೆದೆನೆಂದು ಬರೆಯುತ್ತಾನೆ. ಎತ್ತರದಿಂದ ಬೇಗ ಬಂದ ನೀರು ಅಳತೆಗಿಂತ ಹೆಚ್ಚು ಕೊಡುತ್ತದೆ, ತಗ್ಗಿನಿಂದ ದೂರ ಬಂದದ್ದು ಕಡಿಮೆ ಕೊಡುತ್ತದೆ ಎಂದೂ ಹೇಳುತ್ತಾನೆ. ವೇಗದ ಪ್ರಭಾವ ಕಣ್ಣಿಗೆ ಕಂಡಿತ್ತು. ಅದನ್ನು ಲೆಕ್ಕಕ್ಕೆ ತರುವ ವಿಧಾನ ಕೈಯಲ್ಲಿರಲಿಲ್ಲ. ಆದ್ದರಿಂದಲೇ 10,000 ಕ್ವಿನೇರಿಯ ಎಂಬ ಮೊತ್ತವನ್ನು ಲೀಟರಿಗೆ ಪರಿವರ್ತಿಸಿ, ರೋಮಿನ ಪ್ರತಿಯೊಬ್ಬ ಪ್ರಜೆಗೆ ದಿನಕ್ಕೆ ಇಷ್ಟು ನೀರು ಸಿಗುತ್ತಿತ್ತೆಂದು ಹೇಳುವ ಬರಹಗಳನ್ನು ಎಚ್ಚರದಿಂದ ಓದಬೇಕು.

ಆ ದೊಡ್ಡ ಮೊತ್ತಕ್ಕಿಂತ ಇಪ್ಪತ್ತರ ಕೊಳವೆಯ 16 ಮತ್ತು 13ರ ಅಂತರವನ್ನು ನಾನು ಹೆಚ್ಚು ನಂಬುತ್ತೇನೆ. ಅಲ್ಲಿ ಹೋಲಿಸಿದ್ದು ಒಂದು ಕೊಳವೆಯ ಬಾಯಿಯನ್ನು ಇನ್ನೊಂದು ಕೊಳವೆಯ ಬಾಯಿಯೊಂದಿಗೆ. ಅದೇ ತೊಟ್ಟಿಗೆ, ಅದೇ ಮಟ್ಟದಲ್ಲಿ ಜೋಡಿಸಿದರೆ ವೇಗ ಎಷ್ಟೇ ಇದ್ದರೂ ಎರಡರ ನಡುವಣ ಅನುಪಾತ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಇಪ್ಪತ್ತರ ಕೊಳವೆಯಿಂದ ನೀರು ಪಡೆದ ಪ್ರತಿಯೊಬ್ಬನಿಗೂ ಹದಿನಾರು ಪಾಲಿನಲ್ಲಿ ಮೂರು ಪಾಲು ಸಿಕ್ಕಿರಲಿಲ್ಲ ಎಂಬುದನ್ನು ಅಷ್ಟರಿಂದಲೇ ಹೇಳಬಹುದು.